ನಮ್ಮೂರ ಮಳೆಗೆ ಕಡಲೇ ತವರು



ಜೂನ್ ತಿಂಗಳಲ್ಲಿ ಶಾಲೆಯ ಅಂಗಳದಲ್ಲಿ ನಿಂತು ಎಂದಾದರೂ ಆಕಾಶ ನೋಡಿದ್ದೀರಾ? ಪಶ್ಚಿಮದಿಂದ ಗಾಳಿ ಜೋರಾಗಿ ಬೀಸುತ್ತಿರುತ್ತದೆ. ಮೋಡಗಳು ಒಂದರ ಹಿಂದೆ ಒಂದು ಪೂರ್ವದ ಕಡೆಗೆ ಓಡುತ್ತಿರುತ್ತವೆ. ಮನೆಯಲ್ಲಿ ಶೇಂಗಾ ಸುಲಿದು ಬೀಜ ಸಿದ್ಧ ಮಾಡಿ ಇಟ್ಟಿರುತ್ತಾರೆ. ಕೂರಿಗೆಯೂ ಸಿದ್ಧ. ಆದರೆ ಮೋಡ ನಿಲ್ಲುವುದಿಲ್ಲ. "ಬರೀ ಗಾಳಿ ಬಂತು, ಮಳೆ ಬರಲಿಲ್ಲ" ಎಂದು ಅಜ್ಜ ಕಟ್ಟೆಯ ಮೇಲೆ ಕುಳಿತು ಹೇಳುತ್ತಾರೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಮಕ್ಕಳಿಗೆ ಈ ನೋಟ ಹೊಸದಲ್ಲ. ಆದರೆ ಇದರ ಹಿಂದೆ ಕೆಲವು ಒಳ್ಳೆಯ ಪ್ರಶ್ನೆಗಳಿವೆ. ಆ ಮೋಡದ ನೀರು ಎಲ್ಲಿಂದ ಬಂತು? ಅದು ನಮ್ಮ ಹೊಲದ ಮೇಲೆ ಹಾದು ಹೋದರೂ ಏಕೆ ಸುರಿಯಲಿಲ್ಲ? ಸೆಪ್ಟೆಂಬರ್ ಬಂದಾಗ ಅದೇ ಆಕಾಶ ಏಕೆ ಚೆನ್ನಾಗಿ ಮಳೆ ಕೊಡುತ್ತದೆ?

ಉತ್ತರ ಹುಡುಕಲು ನಾವು ಸಮುದ್ರಕ್ಕೇ ಹೋಗಬೇಕು. ನಿಮ್ಮಲ್ಲಿ ಅನೇಕರು ಸಮುದ್ರವನ್ನು ಇನ್ನೂ ಕಂಡಿರಲಿಕ್ಕಿಲ್ಲ. ಆದರೆ ಅದು ಬಹಳ ದೂರವೇನೂ ಇಲ್ಲ. ಭೂಪಟ ತೆಗೆದು ಅಳತೆಪಟ್ಟಿ ಇಟ್ಟು ನೋಡಿ. ಕೊಟ್ಟೂರಿನಿಂದ ನೇರ ಪಶ್ಚಿಮಕ್ಕೆ ಹೋದರೆ ಸುಮಾರು 225 ಕಿಲೋಮೀಟರ್ ದೂರದಲ್ಲಿ ಕಾರವಾರ. ಅದರಾಚೆ ಅರಬ್ಬೀ ಸಮುದ್ರ. ಕೂಡ್ಲಿಗಿಯಿಂದ ನೇರ ಪೂರ್ವಕ್ಕೆ ಹೋದರೆ ಸುಮಾರು 400 ಕಿಲೋಮೀಟರ್ ದೂರದಲ್ಲಿ ಆಂಧ್ರಪ್ರದೇಶದ ಕರಾವಳಿ. ಅದರಾಚೆ ಬಂಗಾಳ ಕೊಲ್ಲಿ. ನಮ್ಮ ಐದೂ ತಾಲ್ಲೂಕುಗಳು ಈ ಎರಡು ಕಡಲುಗಳ ನಡುವೆ ಇವೆ. ನಮ್ಮ ಮಳೆಯ ಕಥೆಯೂ ಈ ಎರಡು ಕಡಲುಗಳ ಕಥೆಯೇ.

ಒದ್ದೆ ಕೈ ಏಕೆ ತಣ್ಣಗಾಗುತ್ತದೆ?

ಮೊದಲು ಒಂದು ಸಣ್ಣ ಪ್ರಯೋಗ. ಒಂದು ಕೈಯನ್ನು ನೀರಿನಲ್ಲಿ ಅದ್ದಿ ತೆಗೆಯಿರಿ. ಇನ್ನೊಂದು ಕೈ ಒಣಗಿರಲಿ. ಈಗ ಎರಡೂ ಕೈಗಳ ಮೇಲೆ ಊದಿ. ಒದ್ದೆ ಕೈ ತಣ್ಣಗಾಯಿತು, ಅಲ್ಲವೇ? ಊದಿದ ಗಾಳಿ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು?

ನೀರು ಆವಿಯಾಗಲು ಶಾಖ ಬೇಕು. ಕೈ ಮೇಲಿನ ನೀರು ಆ ಶಾಖವನ್ನು ನಿಮ್ಮ ಕೈಯಿಂದಲೇ ಎಳೆದುಕೊಂಡು ಆವಿಯಾಯಿತು. ಕೈ ಶಾಖ ಕಳೆದುಕೊಂಡು ತಣ್ಣಗಾಯಿತು. ಬೇಸಿಗೆಯಲ್ಲಿ ಮಣ್ಣಿನ ಗಡಿಗೆಯ ನೀರು ತಂಪಾಗುವುದೂ ಹೀಗೆಯೇ. ಗಡಿಗೆಯ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುತ್ತಾ ಒಳಗಿನ ನೀರಿನ ಶಾಖವನ್ನು ಒಯ್ಯುತ್ತದೆ.

ಎಷ್ಟು ಶಾಖ ಬೇಕು ಗೊತ್ತೇ? 30 ಡಿಗ್ರಿ ಸೆಲ್ಸಿಯಸ್ ಇರುವ ಒಂದು ಲೀಟರ್ ನೀರನ್ನು ಕುದಿಯುವ ಹಂತಕ್ಕೆ, ಅಂದರೆ 100 ಡಿಗ್ರಿಗೆ ತರಲು ಸುಮಾರು 70 ಕಿಲೋಕ್ಯಾಲರಿ ಶಾಖ ಸಾಕು. ಅದೇ ಒಂದು ಲೀಟರ್ ನೀರು 30 ಡಿಗ್ರಿಯಲ್ಲಿಯೇ ಪೂರ್ತಿ ಆವಿಯಾಗಿ ಹೋಗಲು ಸುಮಾರು 580 ಕಿಲೋಕ್ಯಾಲರಿ ಬೇಕು. ಎಂಟು ಪಟ್ಟಿಗೂ ಹೆಚ್ಚು!

ಈ ಶಾಖ ಎಲ್ಲಿಗೆ ಹೋಯಿತು? ಅದು ನಾಶವಾಗಲಿಲ್ಲ. ಆವಿಯೊಳಗೆ ಅಡಗಿ ಕುಳಿತಿದೆ. ಮುಟ್ಟಿದರೆ ತಿಳಿಯದು, ತಾಪಮಾಪಕದಲ್ಲಿ ಕಾಣದು. ಅದಕ್ಕೇ ವಿಜ್ಞಾನಿಗಳು ಅದನ್ನು 'ಗುಪ್ತೋಷ್ಣ' ಎಂದು ಕರೆದಿದ್ದಾರೆ. ಆವಿ ಮತ್ತೆ ನೀರಿನ ಹನಿಯಾದಾಗ ಆ ಶಾಖ ಪೂರ್ತಿಯಾಗಿ ಹೊರಬರುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದಿನ ಕಥೆಗೆಲ್ಲ ಇದೇ ಕೀಲಿಕೈ.

ಸಮುದ್ರವೆಂಬ ಶಾಖದ ಕಣಜ

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಬರಿಗಾಲಲ್ಲಿ ನೆಲ ತುಳಿಯಲು ಆಗುವುದಿಲ್ಲ. ಆದರೆ ಬೆಳಗಿನ ಜಾವಕ್ಕೆ ಅದೇ ನೆಲ ತಣ್ಣಗಿರುತ್ತದೆ. ನೆಲ ಬೇಗ ಕಾಯುತ್ತದೆ, ಬೇಗ ಆರುತ್ತದೆ. ಕೆರೆಯ ನೀರು ಹಾಗಲ್ಲ. ಮಧ್ಯಾಹ್ನ ಅಷ್ಟೊಂದು ಕಾಯದು, ರಾತ್ರಿ ಅಷ್ಟೊಂದು ಆರದು. ಸಮುದ್ರವಂತೂ ಬಹಳ ದೊಡ್ಡದು, ಆಳವಾದದ್ದು. ಅದರ ನೀರನ್ನು ಅಲೆಗಳು ಕಲಕುತ್ತಿರುತ್ತವೆ. ಆದ್ದರಿಂದ ಬಿಸಿಲಿನ ಶಾಖ ಮೇಲ್ಮೈಯಲ್ಲಿಯೇ ನಿಲ್ಲದೆ ಕೆಳಕ್ಕೂ ಹರಡುತ್ತದೆ.

ಇಡೀ ವಾಯುಮಂಡಲವನ್ನು ಒಂದು ಡಿಗ್ರಿ ಬಿಸಿ ಮಾಡಲು ಎಷ್ಟು ಶಾಖ ಬೇಕೋ, ಭೂಮಿಯ ಸಮುದ್ರಗಳ ಮೇಲ್ಭಾಗದ ಸುಮಾರು 3 ಮೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಅಷ್ಟೇ ಶಾಖ ಬೇಕು. ಸಮುದ್ರದ ಸರಾಸರಿ ಆಳ ಸುಮಾರು 3,700 ಮೀಟರ್. ಸುಗ್ಗಿಯಲ್ಲಿ ಕಣಜ ತುಂಬಿಕೊಂಡು ವರ್ಷವಿಡೀ ಉಣ್ಣುವ ಹಾಗೆ, ಸಮುದ್ರ ಬಿಸಿಲಿನಲ್ಲಿ ಶಾಖ ತುಂಬಿಕೊಂಡು ನಿಧಾನವಾಗಿ ಗಾಳಿಗೆ ಕೊಡುತ್ತದೆ.

ಹೇಗೆ ಕೊಡುತ್ತದೆ? ಬಿಸಿ ನೀರು ತಣ್ಣನೆಯ ಗಾಳಿಯನ್ನು ಮುಟ್ಟಿದಾಗ ನೇರವಾಗಿ ಸ್ವಲ್ಪ ಶಾಖ ಹೋಗುತ್ತದೆ. ಮೇಲ್ಮೈಯಿಂದ ಕಿರಣಗಳ ರೂಪದಲ್ಲಿಯೂ ಶಾಖ ಹೊರಡುತ್ತದೆ. ಆದರೆ ಸಮುದ್ರ ಗಾಳಿಗೆ ಶಾಖ ಕೊಡುವ ಮುಖ್ಯ ದಾರಿ ಆವಿ. ಭೂಮಿಯ ಎಲ್ಲ ಸಮುದ್ರಗಳ ಸರಾಸರಿ ತೆಗೆದರೆ ದಿನಕ್ಕೆ 3 ಮಿಲಿಮೀಟರಿಗಿಂತ ಹೆಚ್ಚು ನೀರು ಆವಿಯಾಗುತ್ತದೆ. ಕೇಳಲು ಸಣ್ಣದು. ಆದರೆ ಭೂಮಿಯ ಮೇಲ್ಮೈಯಲ್ಲಿ ಶೇಕಡ 71 ಭಾಗ ಸಮುದ್ರ ಎಂಬುದನ್ನು ಮರೆಯಬೇಡಿ.

ಎಷ್ಟು ಆವಿ ಏಳುತ್ತದೆ ಎಂಬುದು ಮುಖ್ಯವಾಗಿ ಮೂರು ವಿಷಯಗಳ ಮೇಲೆ ನಿಂತಿದೆ: ನೀರು ಎಷ್ಟು ಬೆಚ್ಚಗಿದೆ, ಮೇಲಿನ ಗಾಳಿ ಎಷ್ಟು ಒಣಗಿದೆ, ಗಾಳಿ ಎಷ್ಟು ಜೋರಾಗಿ ಬೀಸುತ್ತಿದೆ. ಒದ್ದೆ ಬಟ್ಟೆ ಯಾವಾಗ ಬೇಗ ಒಣಗುತ್ತದೆ ಎಂದು ಅಮ್ಮನನ್ನು ಕೇಳಿ. ಈ ಮೂರೂ ಉತ್ತರಗಳನ್ನು ಅವರೇ ಹೇಳುತ್ತಾರೆ.

ಅರಬ್ಬೀ ಸಮುದ್ರದ ಮೇಲೆ ಓಡುವ ಗಾಳಿ

ಈಗ ಮುಂಗಾರಿಗೆ ಬರೋಣ. ಬೇಸಿಗೆಯಲ್ಲಿ ನಮ್ಮ ದೇಶದ ನೆಲ ಕಾದು ಅದರ ಮೇಲಿನ ಗಾಳಿ ಹಗುರವಾಗಿ ಮೇಲೇರುತ್ತದೆ. ಅಲ್ಲಿ ವಾಯುಭಾರ ಕಡಿಮೆಯಾಗುತ್ತದೆ. ದಕ್ಷಿಣ ಹಿಂದೂ ಮಹಾಸಾಗರದ ಕಡೆಯಿಂದ ಗಾಳಿ ಹೊರಟು, ಭೂಮಧ್ಯರೇಖೆ ದಾಟಿ, ಆಫ್ರಿಕಾದ ಕೀನ್ಯಾ, ಸೊಮಾಲಿಯಾ ದೇಶಗಳ ಬಳಿ ತಿರುಗಿ, ಅರಬ್ಬೀ ಸಮುದ್ರದ ಮೇಲೆ ನಮ್ಮ ಕಡೆಗೆ ನುಗ್ಗುತ್ತದೆ. ನೆಲದಿಂದ ಒಂದು, ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಈ ಗಾಳಿಯ ರಭಸ ಬಹಳ ಹೆಚ್ಚು.

ದಾರಿಯುದ್ದಕ್ಕೂ ಈ ಗಾಳಿ ಬೆಚ್ಚಗಿನ ಕಡಲಿನಿಂದ ತೇವಾಂಶ ಹೀರಿಕೊಳ್ಳುತ್ತಾ ಬರುತ್ತದೆ. ನಿಮ್ಮ ಒದ್ದೆ ಕೈಗೆ ಏನಾಯಿತೋ ಈ ಕಡಲಿಗೂ ಅದೇ ಆಗುತ್ತದೆ. ಮೇ ತಿಂಗಳಲ್ಲಿ ಅರಬ್ಬೀ ಸಮುದ್ರದ ಮೇಲ್ಮೈ ಅನೇಕ ಕಡೆ 29, 30 ಡಿಗ್ರಿಯವರೆಗೆ ಕಾದಿರುತ್ತದೆ. ಮುಂಗಾರು ಗಾಳಿ ಬೀಸತೊಡಗಿದ ಮೇಲೆ ಅದು ಕೆಲವು ಡಿಗ್ರಿ ತಣ್ಣಗಾಗುತ್ತದೆ. ಆವಿ ಶಾಖವನ್ನು ಒಯ್ಯುವುದು ಒಂದು ಕಾರಣ. ಜೋರು ಗಾಳಿ ಕಡಲನ್ನು ಕಲಕಿ ಆಳದ ತಣ್ಣನೆಯ ನೀರನ್ನು ಮೇಲೆ ತರುವುದು ಇನ್ನೊಂದು ಕಾರಣ. ಮೋಡಗಳು ಬಿಸಿಲನ್ನು ತಡೆಯುವುದು ಮತ್ತೊಂದು.

ಕಡಲು ಕೊಟ್ಟ ಶಾಖ ಎಷ್ಟಿರಬಹುದು? ಒಂದು ಲೆಕ್ಕ ಮಾಡೋಣ. ಒಂದು ಎಕರೆ ಹೊಲದ ಮೇಲೆ 25 ಮಿಲಿಮೀಟರ್ ಹದ ಮಳೆ ಬಿತ್ತು ಎನ್ನಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಅಲ್ಲಿಗೆ ಸುಮಾರು ಒಂದು ಲಕ್ಷ ಲೀಟರ್ ನೀರಾಯಿತು. ಊರಿಗೆ ಬರುವ 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 20 ಟ್ಯಾಂಕರ್! ಇಷ್ಟು ನೀರನ್ನು ನಾವೇ ಆವಿ ಮಾಡಬೇಕಾದರೆ, ಸ್ವಲ್ಪವೂ ಶಾಖ ಪೋಲಾಗದಿದ್ದರೂ ಮನೆಯ ಅಡುಗೆ ಅನಿಲದ ಸುಮಾರು 350 ಸಿಲಿಂಡರ್ ಬೇಕಾಗುತ್ತದೆ. ಒಂದೇ ಎಕರೆಯ ಒಂದೇ ಮಳೆಗೆ! ಸೂರ್ಯನಿಂದ ಪಡೆದ ಶಾಖದಿಂದ ಈ ಕೆಲಸವನ್ನು ಸಮುದ್ರ ಸದ್ದಿಲ್ಲದೆ ಮಾಡುತ್ತದೆ.

ಘಟ್ಟದ ಆಚೆ ಮಳೆ, ಈಚೆ ಗಾಳಿ

ತೇವ ಹೊತ್ತ ಗಾಳಿ ಕಾರವಾರ, ಮಂಗಳೂರು ತೀರಕ್ಕೆ ಬಂತು. ಎದುರಿಗೆ ಪಶ್ಚಿಮ ಘಟ್ಟ ಅಡ್ಡ ನಿಂತಿದೆ. ಗಾಳಿ ಮೇಲೇರಲೇಬೇಕು. ಮೇಲೇರಿದ ಗಾಳಿ ಹಿಗ್ಗಿ ತಣ್ಣಗಾಗುತ್ತದೆ. ತಣ್ಣನೆಯ ಗಾಳಿಯಲ್ಲಿ ಹೆಚ್ಚು ಆವಿ ನಿಲ್ಲದು. ಆವಿ ಹನಿಯಾಗುತ್ತದೆ, ಮೋಡ ಕಟ್ಟುತ್ತದೆ. ಆಗ ಅಡಗಿದ್ದ ಶಾಖ ಹೊರಬಂದು ಮೋಡದೊಳಗಿನ ಗಾಳಿಯನ್ನು ಬೆಚ್ಚಗೆ ಮಾಡುತ್ತದೆ. ಬೆಚ್ಚಗಾದ ಗಾಳಿ ಇನ್ನೂ ಮೇಲೇರುತ್ತದೆ. ಕೆಳಗಿನಿಂದ ಇನ್ನಷ್ಟು ತೇವದ ಗಾಳಿಯನ್ನು ಎಳೆಯುತ್ತದೆ. ಅಂದರೆ ಕಡಲಿನ ಶಾಖವೇ ಮೋಡಕ್ಕೆ ಉರುವಲು.

ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಘಟ್ಟದ ಮೇಲಿನ ಆಗುಂಬೆಯಲ್ಲಿ 7,000 ಮಿಲಿಮೀಟರಿಗೂ ಹೆಚ್ಚು. ಘಟ್ಟ ದಾಟಿ ನಮ್ಮ ಕಡೆ ಬರುವ ಹೊತ್ತಿಗೆ ಗಾಳಿ ತನ್ನ ನೀರಿನ ದೊಡ್ಡ ಪಾಲನ್ನು ಸುರಿದಾಗಿದೆ. ಸಾಲದ್ದಕ್ಕೆ ಅದು ಈಗ ಕೆಳಗೆ ಇಳಿಯುತ್ತಿದೆ. ಇಳಿಯುವ ಗಾಳಿ ಕುಗ್ಗಿ ಬಿಸಿಯಾಗುತ್ತದೆ. ಬಿಸಿ ಗಾಳಿಯಲ್ಲಿ ಮೋಡ ಬೆಳೆಯುವುದು ಕಷ್ಟ. ಅದಕ್ಕೇ ನಮ್ಮ ತಲೆಯ ಮೇಲಿನ ಜೂನ್, ಜುಲೈ ಮೋಡಗಳು ತೆಳ್ಳಗಿರುತ್ತವೆ, ಓಡುತ್ತಲೇ ಇರುತ್ತವೆ. ನಮ್ಮ ಐದು ತಾಲ್ಲೂಕುಗಳಿಗೆ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಕಾರವಾರದ ಐದನೇ ಒಂದು ಪಾಲು! ಇಂಥ ಪ್ರದೇಶವನ್ನು 'ಮಳೆಯ ನೆರಳಿನ ಪ್ರದೇಶ' ಎನ್ನುತ್ತಾರೆ.

ಆದರೂ ಆ ಕಡಲಿನ ನೀರು ನಮ್ಮನ್ನು ಪೂರ್ತಿ ಮರೆತಿಲ್ಲ. ಘಟ್ಟದ ಮೇಲೆ ಸುರಿದ ಮಳೆ ತುಂಗಾ, ಭದ್ರಾ ನದಿಗಳಾಗಿ ಹರಿದು, ಶಿವಮೊಗ್ಗ ಜಿಲ್ಲೆಯ ಕೂಡ್ಲಿಯಲ್ಲಿ ಒಂದಾಗಿ, ತುಂಗಭದ್ರೆಯಾಗಿ ಹರಪನಹಳ್ಳಿ, ಹಡಗಲಿ ತಾಲ್ಲೂಕುಗಳ ಅಂಚಿನಲ್ಲಿ ಬರುತ್ತದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನವರು ತುಂಗಭದ್ರಾ ಜಲಾಶಯದ ಹಿನ್ನೀರನ್ನು ನೋಡಿರುತ್ತೀರಿ. ಜುಲೈ ತಿಂಗಳಲ್ಲಿ ಹೊಳೆ ದಡ ತುಂಬಿ ಹರಿಯುವಾಗ ದಡದ ಮೇಲಿನ ಹೊಲ ಮಳೆಗೆ ಬಾಯಿ ಬಿಟ್ಟಿರುವುದೂ ಉಂಟು. ಒಂದೇ ಕಡಲಿನ ನೀರು ಆಕಾಶದ ದಾರಿಯಲ್ಲಿ ಬರಲಿಲ್ಲ, ನೆಲದ ದಾರಿಯಲ್ಲಿ ಬಂತು. ಕೂಡ್ಲಿಗಿ, ಕೊಟ್ಟೂರಿನ ಹೊಲಗಳ ಪಕ್ಕದಲ್ಲಿ ಆ ಹೊಳೆಯೂ ಇಲ್ಲ. ಅಲ್ಲಿಯ ಶೇಂಗಾ, ಸಜ್ಜೆ, ನವಣೆ, ಜೋಳಕ್ಕೆ ಹೆಚ್ಚಾಗಿ ಮಳೆಯೇ ಗತಿ.

ಪೂರ್ವದ ಕಡಲಿನ ಸರದಿ

ಸೆಪ್ಟೆಂಬರ್ ಬಂದಾಗ ಏನಾಗುತ್ತದೆ? ಪಶ್ಚಿಮದ ಗಾಳಿಯ ರಭಸ ಇಳಿಯುತ್ತದೆ. ಬಂಗಾಳ ಕೊಲ್ಲಿಯಲ್ಲಿ ಹುಟ್ಟುವ ವಾಯುಭಾರ ಕುಸಿತಗಳು ಆಂಧ್ರದ ತೀರ ದಾಟಿ ಒಳನಾಡಿಗೆ ಬರುತ್ತವೆ. ನಮ್ಮ ಭಾಗಕ್ಕೆ ಚೆನ್ನಾಗಿ ಮಳೆಯಾಗುವ ತಿಂಗಳು ಸೆಪ್ಟೆಂಬರ್. ಉತ್ತರೆ, ಹಸ್ತ, ಚಿತ್ತೆ ಮಳೆಗಳನ್ನು ಹಿರಿಯರು ಕಾಯುವುದು ಇದಕ್ಕೇ. ಕೆಲವೊಮ್ಮೆ ಅದು ಅತಿಯಾಗುವುದೂ ಉಂಟು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕ ಭಾರಿ ನೆರೆಯನ್ನು ಕಂಡಿತು. ಆ ಮಳೆಯ ಹಿಂದೆಯೂ ಬಂಗಾಳ ಕೊಲ್ಲಿಯಿಂದ ಬಂದ ವಾಯುಭಾರ ಕುಸಿತವಿತ್ತು.

ಅರಬ್ಬೀ ಸಮುದ್ರ ಮುಂಗಾರಿನಲ್ಲಿ ತಣ್ಣಗಾಗುತ್ತದೆ ಎಂದೆವು. ಬಂಗಾಳ ಕೊಲ್ಲಿ ಅಷ್ಟು ತಣ್ಣಗಾಗುವುದಿಲ್ಲ. ಏಕೆ? ಗಂಗಾ, ಬ್ರಹ್ಮಪುತ್ರಾ, ಮಹಾನದಿ, ಗೋದಾವರಿ, ಕೃಷ್ಣಾ ನದಿಗಳೆಲ್ಲ ಬಂಗಾಳ ಕೊಲ್ಲಿ ಸೇರುತ್ತವೆ. ಅಲ್ಲಿ ಮಳೆಯೂ ಹೆಚ್ಚು. ಸಿಹಿನೀರು ಉಪ್ಪುನೀರಿಗಿಂತ ಹಗುರ. ಆದ್ದರಿಂದ ಅದು ಕಡಲಿನ ಮೇಲೆ ತೆಳುವಾದ ಪದರವಾಗಿ ನಿಲ್ಲುತ್ತದೆ. ಗಾಳಿ ಎಷ್ಟೇ ಬೀಸಿದರೂ ಈ ಪದರವನ್ನು ಆಳದ ತಣ್ಣನೆಯ ನೀರಿನೊಂದಿಗೆ ಬೆರೆಸುವುದು ಕಷ್ಟ. ಮಳೆಯ ದಿನಗಳಲ್ಲಿ ಮೇಲ್ಮೈ ಸ್ವಲ್ಪ ತಣ್ಣಗಾದರೂ ಮೋಡ ಸರಿದು ಬಿಸಿಲು ಬಿದ್ದ ಕೆಲವೇ ದಿನಗಳಲ್ಲಿ ಮತ್ತೆ ಕಾಯುತ್ತದೆ. ಮತ್ತೆ ಮೋಡ ಕಟ್ಟಲು ಸಿದ್ಧವಾಗುತ್ತದೆ.

ಇದನ್ನು ಕಣ್ಣಾರೆ ನೋಡಿ ಅಳೆಯಲು 1999ರ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ನಮ್ಮ ದೇಶದ ವಿಜ್ಞಾನಿಗಳು 'ಸಾಗರ ಕನ್ಯಾ', 'ಸಾಗರಧ್ವನಿ' ಎಂಬ ಹಡಗುಗಳಲ್ಲಿ ಬಂಗಾಳ ಕೊಲ್ಲಿಗೆ ಹೋದರು. ನೀರಿನ ಬಿಸಿ, ಉಪ್ಪಿನಂಶ, ಗಾಳಿಯ ವೇಗ, ತೇವಾಂಶ ಎಲ್ಲವನ್ನೂ ಅಳೆದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಈ ಕೆಲಸದಲ್ಲಿದ್ದರು.

ಇದಕ್ಕೂ ಮೊದಲು, 1984ರಲ್ಲಿ, ಅದೇ ಸಂಸ್ಥೆಯಲ್ಲಿದ್ದ ಸುಲೋಚನಾ ಗಾಡ್ಗೀಳ್ ಅವರು ಪಿ.ವಿ. ಜೋಸೆಫ್, ಎನ್.ವಿ. ಜೋಶಿ ಅವರೊಂದಿಗೆ ಒಂದು ಮುಖ್ಯ ವಿಷಯ ತಿಳಿಸಿದ್ದರು. ಹಿಂದೂ ಮಹಾಸಾಗರದ ನೀರು ಸುಮಾರು 28 ಡಿಗ್ರಿಗಿಂತ ಬೆಚ್ಚಗಿದ್ದರೆ ಮಾತ್ರ ಅದರ ಮೇಲೆ ಎತ್ತರದ ದೊಡ್ಡ ಮಳೆಮೋಡಗಳ ಗುಂಪು ಕಟ್ಟುವ ಸಾಧ್ಯತೆ ಹೆಚ್ಚು. ಅದಕ್ಕಿಂತ ತಣ್ಣಗಿದ್ದರೆ ಅಂಥ ಮೋಡ ಅಪರೂಪ. ಹಾಗೆಂದು ನೀರು ಬೆಚ್ಚಗಿದ್ದರೆ ಮಳೆ ಬಂದೇ ಬರುತ್ತದೆ ಎನ್ನುವಂತಿಲ್ಲ. ಗಾಳಿಯೂ ಕೂಡಿ ಬರಬೇಕು. ಒಲೆ ಹೊತ್ತಿದರೆ ಸಾಲದು, ಅಡುಗೆಗೆ ಉಳಿದದ್ದೂ ಬೇಕಲ್ಲವೇ?

ಇಲ್ಲೊಂದು ಸೊಗಸು ನೋಡಿ. ನಮ್ಮ ತುಂಗಭದ್ರೆಯೂ ಮುಂದೆ ಕೃಷ್ಣೆಯನ್ನು ಸೇರುತ್ತದೆ. ಹೊಲಗಳಿಗೆ ಹೋಗಿ ಮಿಕ್ಕ ನೀರು ಬಂಗಾಳ ಕೊಲ್ಲಿ ತಲುಪುತ್ತದೆ. ಅರಬ್ಬೀ ಸಮುದ್ರದಿಂದ ಆವಿಯಾಗಿ ಎದ್ದ ನೀರು, ಘಟ್ಟದಲ್ಲಿ ಸುರಿದು, ನಮ್ಮ ಊರ ಪಕ್ಕ ಹರಿದು, ಪೂರ್ವದ ಕಡಲಿನ ಸಿಹಿನೀರ ಪದರದಲ್ಲಿ ಒಂದು ಸಣ್ಣ ಪಾಲಾಗುತ್ತದೆ. ಆ ಬೆಚ್ಚಗಿನ ಕಡಲು ಸೆಪ್ಟೆಂಬರಿನಲ್ಲಿ ನಮಗೆ ಮಳೆ ಕಳಿಸುತ್ತದೆ.

ಕಡಲು ಸ್ವಲ್ಪ ಬದಲಾದರೂ ಹೊಲಕ್ಕೆ ತಿಳಿಯುತ್ತದೆ

ದೂರದ ಶಾಂತ ಸಾಗರದ ನೀರು ಬಿಸಿಯಾದರೂ ನಮ್ಮ ಮಳೆಯ ಮೇಲೆ ಪರಿಣಾಮ ಆಗಬಹುದು. ಕೆಲವು ವರ್ಷಗಳಲ್ಲಿ ಶಾಂತ ಸಾಗರದ ಮಧ್ಯ ಮತ್ತು ಪೂರ್ವ ಭಾಗ ಎಂದಿಗಿಂತ ಹೆಚ್ಚು ಬೆಚ್ಚಗಾಗುತ್ತದೆ. ಇದಕ್ಕೆ 'ಎಲ್ ನಿನೊ' ಎಂದು ಹೆಸರು. ಆಗ ಶಾಖ ಮತ್ತು ತೇವಾಂಶ ಅಲ್ಲಿಯ ಗಾಳಿಗೆ ಹೆಚ್ಚಾಗಿ ಸೇರಿ, ಭೂಮಿಯ ಗಾಳಿಯ ಸಂಚಾರವೇ ಬದಲಾಗುತ್ತದೆ. ಎಲ್ಲ ಸಲವೂ ಅಲ್ಲದಿದ್ದರೂ ಅನೇಕ ಸಲ ನಮ್ಮ ಮುಂಗಾರು ದುರ್ಬಲವಾಗುತ್ತದೆ. 2023 ಅಂಥ ವರ್ಷ. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಲಾಯಿತು.

ಇನ್ನೊಂದು ಬದಲಾವಣೆ ನಿಧಾನವಾಗಿ ನಡೆಯುತ್ತಿದೆ. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಉರಿಸಿ ನಾವು ವಾಯುಮಂಡಲಕ್ಕೆ ಸೇರಿಸಿದ ಅನಿಲಗಳಿಂದ ಭೂಮಿ ಬಿಸಿಯಾಗುತ್ತಿದೆ. ಹೀಗೆ ಹೆಚ್ಚಾದ ಶಾಖದಲ್ಲಿ ಶೇಕಡ 90ರಷ್ಟನ್ನು ಸಮುದ್ರಗಳೇ ನುಂಗಿಕೊಂಡಿವೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಸುಮಾರು ಶೇಕಡ 7ರಷ್ಟು ಹೆಚ್ಚು ಆವಿ ಹಿಡಿಯಬಲ್ಲದು. ಆದ್ದರಿಂದ ಸುರಿದಾಗ ಒಮ್ಮೆಲೇ ಹೆಚ್ಚು ಸುರಿಯುವ ಸಂಭವ ಬೆಳೆಯುತ್ತಿದೆ. ಬೀಜ ಹಾಕುವ ರೈತನಿಗೆ ಬೇಕಾದದ್ದು ಒಂದೇ ದಿನದ ಭಾರಿ ಮಳೆಯಲ್ಲ, ಬಿಟ್ಟು ಬಿಟ್ಟು ಬರುವ ಹದ ಮಳೆ.

ಅದಕ್ಕೇ ಇಂದು ಕಡಲಿನ ನಾಡಿ ಹಿಡಿದು ನೋಡುವ ಕೆಲಸ ನಿತ್ಯ ನಡೆಯುತ್ತಿದೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಎರಡೂ ಕಡಲುಗಳಲ್ಲಿ ತೇಲುವ ಉಪಕರಣಗಳನ್ನು ಲಂಗರು ಹಾಕಿ ನಿಲ್ಲಿಸಿದೆ. 'ಆರ್ಗೊ' ಎಂಬ ಕೊಳವೆಯಾಕಾರದ ಉಪಕರಣಗಳು ಇನ್ನೂ ವಿಚಿತ್ರ. ಅವು ತಾವಾಗಿಯೇ 2,000 ಮೀಟರ್ ಆಳಕ್ಕೆ ಮುಳುಗಿ, ನೀರಿನ ಬಿಸಿ ಮತ್ತು ಉಪ್ಪು ಅಳೆಯುತ್ತಾ ಮೇಲೆ ಬಂದು, ಸುಮಾರು ಹತ್ತು ದಿನಕ್ಕೊಮ್ಮೆ ಉಪಗ್ರಹಕ್ಕೆ ಸುದ್ದಿ ಕಳಿಸುತ್ತವೆ. ನೀವು ಕೇಳುವ ಹವಾಮಾನ ವರದಿಯ ಹಿಂದೆ ಇಂಥ ಅಳತೆಗಳೂ ಇವೆ.

ನೀವೇ ಮಾಡಿ ನೋಡಿ

1. ಒಂದೇ ಅಳತೆಯ ಎರಡು ತಟ್ಟೆಗಳಲ್ಲಿ ಒಂದೊಂದು ಲೋಟ ನೀರು ಹಾಕಿ. ಒಂದನ್ನು ನೆರಳಿನಲ್ಲಿ ಗಾಳಿ ಆಡುವ ಕಡೆ ಇಡಿ, ಇನ್ನೊಂದನ್ನು ಮುಚ್ಚಿದ ಕೋಣೆಯಲ್ಲಿ ಇಡಿ. ಸಂಜೆಗೆ ಯಾವುದರಲ್ಲಿ ನೀರು ಕಡಿಮೆಯಾಗಿದೆ? ಏಕೆ?

2. ಶಾಲೆಯಲ್ಲಿ ಎರಡು ತಾಪಮಾಪಕಗಳಿದ್ದರೆ ಒಂದರ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ, ಎರಡನ್ನೂ ನೆರಳಿನಲ್ಲಿ ತೂಗು ಹಾಕಿ. ಸ್ವಲ್ಪ ಹೊತ್ತಿನ ನಂತರ ಎರಡರ ವ್ಯತ್ಯಾಸ ಬರೆದುಕೊಳ್ಳಿ. ಏಪ್ರಿಲ್ ತಿಂಗಳಲ್ಲಿ ಒಮ್ಮೆ, ಮಳೆಯ ದಿನ ಒಮ್ಮೆ ಹೀಗೆ ಮಾಡಿ. ಯಾವಾಗ ವ್ಯತ್ಯಾಸ ಹೆಚ್ಚು?

3. ನೇರ ಗೋಡೆಯ, ಚಪ್ಪಟೆ ತಳದ ಡಬ್ಬಿಯೊಂದನ್ನು ಮರ, ಗೋಡೆಗಳಿಂದ ದೂರ ಬಯಲಲ್ಲಿ ಇಡಿ. ಮಳೆ ಬಂದ ಮರುದಿನ ಬೆಳಿಗ್ಗೆ ಅಳತೆಪಟ್ಟಿಯಿಂದ ನೀರಿನ ಎತ್ತರವನ್ನು ಮಿಲಿಮೀಟರಿನಲ್ಲಿ ಅಳೆಯಿರಿ. ಅದೇ ನಿಮ್ಮೂರ ಮಳೆ. ಆ ದಿನ ಗಾಳಿ ಯಾವ ದಿಕ್ಕಿನಿಂದ ಬೀಸಿತು, ಹಿರಿಯರು ಹೇಳುವ ಯಾವ ಮಳೆ ನಡೆಯುತ್ತಿದೆ ಎಂಬುದನ್ನೂ ಬರೆಯಿರಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬಿಡದೆ ಬರೆದರೆ ಯಾವ ತಿಂಗಳಲ್ಲಿ ಎಷ್ಟು ಮಳೆ ಬಂತು ಎಂಬುದು ನಿಮ್ಮ ಪುಸ್ತಕದಿಂದಲೇ ತಿಳಿಯುತ್ತದೆ.

ಮುಂದಿನ ಸಲ ಮೊದಲ ಹನಿ ನಿಮ್ಮ ಕೈ ಮೇಲೆ ಬಿದ್ದಾಗ ನೆನಪಿಸಿಕೊಳ್ಳಿ. ಅದು ದೂರದ ಕಡಲನ್ನು ಬಿಟ್ಟು, ಅದರ ಶಾಖವನ್ನು ಹೊತ್ತು, ಮೋಡದಲ್ಲಿ ಆ ಶಾಖವನ್ನು ಇಳಿಸಿ, ನಿಮ್ಮ ಊರಿಗೆ ಬಂದಿದೆ. ಇಷ್ಟು ದೂರದಿಂದ ಬಂದ ನೀರನ್ನು ಬದು ಹಾಕಿ, ಕೃಷಿಹೊಂಡ ತೋಡಿ, ಕೆರೆಯ ಹೂಳೆತ್ತಿ ನಿಲ್ಲಿಸಿಕೊಳ್ಳುವುದು ನಮ್ಮ ಕೆಲಸ.